ಘಾಟಿನ ಕೆಮ್ಮೋ, ದಮ್ಮಿನ ಕೆಮ್ಮೋ: ಮಕ್ಕಳ ಉಸಿರಿಗೆ ಯಾವ ಪರೀಕ್ಷೆ, ಯಾವಾಗ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಜೋರಾದಾಗ ಊರಿಗೆ ಊರೇ ಕೆಮ್ಮುತ್ತದೆ. ಮಾರುಕಟ್ಟೆಯ ಅಂಗಳದಲ್ಲಿ ಚೀಲಗಳು ಬಾಯಿ ಬಿಚ್ಚಿದ ಮೇಲೆ ಅಲ್ಲಿಗೆ ಬಂದವರು ಮೊದಲು ಸೀನುತ್ತಾರೆ, ಆಮೇಲೆ ಮಾತನಾಡುತ್ತಾರೆ. ಇಂಥ ಊರಿನಲ್ಲಿ ಎಂಟು ವರ್ಷದ ಹುಡುಗಿ ನಡುರಾತ್ರಿ ಕೆಮ್ಮಿ ಎದ್ದು ಕೂತರೆ ಯಾರು ಗಾಬರಿಯಾಗುತ್ತಾರೆ? ಘಾಟು, ಮತ್ತೇನಿಲ್ಲ ಎಂದು ನಮ್ಮವ್ವ ತೀರ್ಪು ಕೊಟ್ಟಳು. ನಾವೂ ಒಪ್ಪಿದೆವು. ಆದರೆ ಸುಗ್ಗಿ ಮುಗಿಯಿತು, ಮಿರಗದ ಮಳೆಯೂ ಕೂಡಿತು, ಮಗಳ ಕೆಮ್ಮು ಮಾತ್ರ ಹೋಗಲಿಲ್ಲ. ಓಡಿ ಬಂದರೆ ಎದೆಯಲ್ಲಿ ಸುಂಯ್ ಎಂಬ ಸದ್ದು.

ಆಮೇಲಿನ ಒಂದೂವರೆ ವರ್ಷದಲ್ಲಿ ಹಾವೇರಿ, ಹುಬ್ಬಳ್ಳಿ, ಧಾರವಾಡ ಸುತ್ತಿ ಅವಳಿಗೆ ನಾಲ್ಕು ಬಗೆಯ ಪರೀಕ್ಷೆ ಮಾಡಿಸಿದ್ದೇವೆ. ಹೊಸದಾಗಿ ಕೇಳಿಬರುತ್ತಿರುವ ಉಸಿರಿನ ಪರೀಕ್ಷೆಯೂ ಅದರಲ್ಲಿ ಸೇರಿದೆ. ನಾನು ವೈದ್ಯನಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಯಾವ ಪರೀಕ್ಷೆ ಯಾವುದನ್ನು ಅಳೆಯುತ್ತದೆ ಎಂದು ಮೊದಲೇ ತಿಳಿದಿದ್ದರೆ ಎರಡು ಸಲದ ಅಡ್ಡಾಟವಾದರೂ ತಪ್ಪುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಳೆಯುವುದು ಏನನ್ನು?

ದಮ್ಮು, ಉಬ್ಬಸ, ಅಸ್ತಮಾ ಎಂದು ಏನೇ ಕರೆದರೂ ಒಳಗೆ ನಡೆಯುವುದು ಎರಡು ಸಂಗತಿ. ಶ್ವಾಸನಾಳದ ಒಳಪದರ ಕೆಂಪಾಗಿ ಊದಿಕೊಳ್ಳುತ್ತದೆ, ಇದು ಉರಿಯೂತ. ಸುತ್ತಲಿನ ಸ್ನಾಯು ಬಿಗಿದು ದಾರಿ ಕಿರಿದಾಗುತ್ತದೆ, ಇದು ಅಡಚಣೆ. ಹುಬ್ಬಳ್ಳಿಯಲ್ಲಿ ನಳದ ನೀರಿಗಾಗಿ ದಿನಗಟ್ಟಲೆ ಕಾದವರಿಗೆ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ: ನೀರು ಸಣ್ಣಗೆ ಬರುತ್ತಿದೆ ಎಂಬುದು ಬೇರೆ, ಪೈಪಿನ ಒಳಗೆ ಪಾಚಿ ಕಟ್ಟಿದೆ ಎಂಬುದು ಬೇರೆ. ಸ್ಪೈರೋಮೆಟ್ರಿ, ಪೀಕ್ ಫ್ಲೋ ಮೀಟರ್, ಆಸಿಲೋಮೆಟ್ರಿ ಇವೆಲ್ಲ ನೀರಿನ ಹರಿವನ್ನು ನೋಡುತ್ತವೆ. ಉಸಿರಿನ ನೈಟ್ರಿಕ್ ಆಕ್ಸೈಡ್ ಪರೀಕ್ಷೆ, ಅಂದರೆ ವೈದ್ಯರು ಫೆನೋ ಎಂದು ಬರೆದುಕೊಡುವುದು, ಪಾಚಿಯನ್ನು ಹುಡುಕುತ್ತದೆ. ಅದೂ ಎಲ್ಲ ಬಗೆಯ ಪಾಚಿಯನ್ನಲ್ಲ.

ಮಗುವಿಗೆ ಈಗಲೇ ಏದುಸಿರು ಬಂದಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ಪಕ್ಕೆಲುಬಿನ ಸಂದು ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಯಾವ ಹೋಲಿಕೆಯೂ ಬೇಡ. ವೈದ್ಯರು ಮೊದಲೇ ಕೊಟ್ಟ ನೀಲಿ ಪಂಪು (ಬಿಗಿದ ದಾರಿಯನ್ನು ಬೇಗ ಸಡಿಲಿಸುವ ಸಾಲ್ಬುಟಮಾಲ್ ಇನ್ಹೇಲರ್) ಕೊಟ್ಟು, 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ.

ಫೆನೋ: ಕೆನೆ ಸರಿಸುವಂತೆ ಊದಬೇಕು

ಮನುಷ್ಯನ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಇದೆ ಎಂದು ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ತೋರಿಸಿದ್ದು 1991ರಲ್ಲಿ. ಅಸ್ತಮಾ ಇರುವವರಲ್ಲಿ ಅದು ಹೆಚ್ಚು ಎಂದು ಗೊತ್ತಾದದ್ದು 1993ರಲ್ಲಿ. ಇದೇ ಅನಿಲ ರಕ್ತನಾಳಗಳಲ್ಲಿ ಮಾಡುವ ಕೆಲಸವನ್ನು ಕಂಡುಹಿಡಿದ ಮೂವರಿಗೆ 1998ರ ನೊಬೆಲ್ ಬಂತು. ಆಸ್ಪತ್ರೆಯಲ್ಲಿ ಬಳಸುವ ಯಂತ್ರಕ್ಕೆ ಅಮೆರಿಕದಲ್ಲಿ ಮೊದಲು ಅನುಮತಿ ಸಿಕ್ಕಿದ್ದು 2003ರಲ್ಲಿ. ನಮ್ಮ ಕಡೆ ಹೊಸತು ಎನ್ನಿಸಿದರೂ ವಿದ್ಯೆ ಹಳೆಯದೇ.

ಅಲರ್ಜಿಯ ಬಗೆಯ ಉರಿಯೂತ ಇದ್ದಾಗ ಶ್ವಾಸನಾಳದ ಒಳಪದರದ ಜೀವಕೋಶಗಳು ಈ ಅನಿಲವನ್ನು ಹೆಚ್ಚಾಗಿ ತಯಾರಿಸುತ್ತವೆ. ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಸೇರುವುದೂ ಇದೇ ಬಗೆಯ ಉರಿಯೂತದಲ್ಲಿ. ದಿನವೂ ತೆಗೆದುಕೊಳ್ಳುವ ಸ್ಟೀರಾಯ್ಡ್ ಪಂಪು ಚೆನ್ನಾಗಿ ಕೆಲಸ ಮಾಡುವುದೂ ಇದರ ಮೇಲೆಯೇ. ಆದ್ದರಿಂದ ಫೆನೋ ಹೆಚ್ಚಿದ್ದರೆ ಪಂಪು ಕೆಲಸ ಮಾಡುವ ಸಂಭವ ಹೆಚ್ಚು. ಪಂಪು ಸರಿಯಾಗಿ ಒಳಗೆ ಹೋಗತೊಡಗಿದರೆ ಕೆಲವೇ ದಿನಗಳಲ್ಲಿ ಅಂಕಿ ಇಳಿಯತೊಡಗುತ್ತದೆ.

ಅಳತೆ ಪಿಪಿಬಿಯಲ್ಲಿ, ಎಂದರೆ ನೂರು ಕೋಟಿ ಭಾಗದಲ್ಲಿ ಎಷ್ಟು ಭಾಗ ಎಂಬ ಲೆಕ್ಕದಲ್ಲಿ. ಅಮೆರಿಕದ ಎದೆರೋಗ ತಜ್ಞರ ಸಂಘದ 2011ರ ಮಾರ್ಗಸೂಚಿಯ ಪ್ರಕಾರ 12 ವರ್ಷದೊಳಗಿನ ಮಕ್ಕಳಿಗೆ 20ಕ್ಕಿಂತ ಕಡಿಮೆ ಇದ್ದರೆ ಕೆಳಮಟ್ಟ, 35 ದಾಟಿದರೆ ಮೇಲ್ಮಟ್ಟ, ನಡುವಿನದು ಮಗುವಿನ ಸ್ಥಿತಿ ನೋಡಿ ಅರ್ಥ ಮಾಡಿಕೊಳ್ಳಬೇಕಾದದ್ದು. ದೊಡ್ಡವರಿಗೆ ಈ ಗೆರೆಗಳು 25 ಮತ್ತು 50. ವರದಿಯ ಅಂಚಿನಲ್ಲಿ ದೊಡ್ಡವರ ಗೆರೆಯೇ ಅಚ್ಚಾಗಿರುವುದುಂಟು. ನಮ್ಮ ಮಗಳ ಮೊದಲ ವರದಿ ಹಾಗೇ ಇತ್ತು. 48 ಎಂಬ ಅಂಕಿಯ ಪಕ್ಕದಲ್ಲಿ ಮಧ್ಯಮ ಎಂದು ಛಾಪಿಸಿದ್ದನ್ನು ನಂಬಿ ನಾನು ನಿಶ್ಚಿಂತೆಯಿಂದ ಬಸ್ಸು ಹತ್ತಿದ್ದೆ. ಅವಳ ವಯಸ್ಸಿಗೆ ಅದು ಹೆಚ್ಚು ಎಂದು ಮರುವಾರ ವೈದ್ಯರು ಹೇಳಬೇಕಾಯಿತು.

ಮಗು ಮಾಡಬೇಕಾದದ್ದು ಇಷ್ಟು: ಯಂತ್ರದ ಮೂಲಕ ಗಾಳಿಯನ್ನು ಪೂರ್ತಿ ಒಳಗೆಳೆದುಕೊಂಡು, ನಿಲ್ಲಿಸದೆ, ಒಂದೇ ಸಮನೆ ಮೆಲ್ಲಗೆ ಊದುವುದು. ವೇಗ ಸೆಕೆಂಡಿಗೆ 50 ಮಿಲಿಲೀಟರ್ ಆಸುಪಾಸಿನಲ್ಲಿಯೇ ಇರಬೇಕು. ದೊಡ್ಡವರಿಗೆ ಹತ್ತು ಸೆಕೆಂಡು, ಚಿಕ್ಕ ಮಕ್ಕಳಿಗೆ ಆರು ಸೆಕೆಂಡಿನಲ್ಲಿ ಮುಗಿಯುವ ಯಂತ್ರಗಳೂ ಇವೆ. ಒಳಗೆಳೆಯುವ ಗಾಳಿಯನ್ನು ಯಂತ್ರವೇ ಸೋಸಿ ಕೊಡುತ್ತದೆ. ವಾಹನದ ಹೊಗೆಯಲ್ಲಿ ಕೂಡ ಇದೇ ಅನಿಲ ಇರುತ್ತದೆ, ಹುಬ್ಬಳ್ಳಿಯ ಚನ್ನಮ್ಮ ವೃತ್ತದ ಗಾಳಿಯನ್ನು ಹಾಗೇ ಎಳೆದುಕೊಂಡರೆ ಲೆಕ್ಕ ಕೆಡುತ್ತದೆ. ಮೂಗಿನಲ್ಲಿ ಈ ಅನಿಲ ಎದೆಗಿಂತ ಎಷ್ಟೋ ಪಟ್ಟು ಹೆಚ್ಚು. ಅದು ಬೆರೆಯಬಾರದೆಂದು ಕೊಳವೆಯಲ್ಲಿ ಸ್ವಲ್ಪ ತಡೆ ಇಟ್ಟಿರುತ್ತಾರೆ. ಆ ತಡೆಗೆ ಎದುರಾಗಿ ಊದಿದಾಗ ಅಂಗುಳಿನ ಹಿಂಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚಿಕೊಳ್ಳುತ್ತದೆ. ಪರದೆಯ ಮೇಲೆ ಮೋಡವೋ ಬಲೂನೋ ತೇಲುತ್ತಿರುತ್ತದೆ, ಅದನ್ನು ಗೆರೆಗಳ ನಡುವೆ ಹಿಡಿದಿಡುವುದೇ ಆಟ.

ಸುಲಭವೆನ್ನಿಸುತ್ತದೆ, ಆದರೆ ಮಗಳು ಮೂರು ಸಲ ಸೋತಳು. ಮನೆಯಲ್ಲಿ ಪೀಕ್ ಫ್ಲೋ ಮೀಟರಿಗೆ ಪಟಾಕಿ ಸಿಡಿದಂತೆ ಊದಿ ಅಭ್ಯಾಸವಾಗಿತ್ತು. ಇಲ್ಲಿಯೂ ಹಾಗೇ ಊದಿದಳು, ಯಂತ್ರ ಕಿರುಚಿತು. ಬಿಸಿ ಹಾಲಿನ ಮೇಲಿನ ಕೆನೆಯನ್ನು ಹರಿಯದಂತೆ ಸರಿಸು ನೋಡೋಣ, ಎಂದು ಪರೀಕ್ಷೆ ಮಾಡುತ್ತಿದ್ದ ಅಕ್ಕ ಹೇಳಿದ ಮೇಲೆ ನಾಲ್ಕನೆಯ ಸಲಕ್ಕೆ ಸರಿಹೋಯಿತು. ಐದು ವರ್ಷಕ್ಕಿಂತ ಚಿಕ್ಕವರಿಗೆ ಇದು ಸಾಮಾನ್ಯವಾಗಿ ಆಗದ ಕೆಲಸ.

ಅಂಕಿಯನ್ನು ಕೆಡಿಸುವ ಸಂಗತಿಗಳು ಹಲವು. ಅಲರ್ಜಿಯ ನೆಗಡಿ ಇರುವ ಮಕ್ಕಳಲ್ಲಿ ಎದೆ ಚೆನ್ನಾಗಿದ್ದರೂ ಫೆನೋ ಏರಿರಬಹುದು. ಸಾದಾ ನೆಗಡಿ-ಜ್ವರದಲ್ಲಿಯೂ ಏರುತ್ತದೆ. ಪಾಲಕ್, ಬೀಟ್‌ರೂಟ್‌ನಂಥ ನೈಟ್ರೇಟ್ ತುಂಬಿದ ಸೊಪ್ಪು-ಗಡ್ಡೆ ತಿಂದರೂ ಏರುತ್ತದೆ. ನಮ್ಮ ಕಡೆ ರೊಟ್ಟಿಯ ಪಕ್ಕದಲ್ಲಿ ಹಸಿ ಸೊಪ್ಪು, ಮೂಲಂಗಿ ಇಲ್ಲದೆ ಊಟವೇ ಆಗುವುದಿಲ್ಲವಲ್ಲ, ಪರೀಕ್ಷೆಯ ದಿನವಾದರೂ ಬಿಡಬೇಕು. ಮನೆಯಲ್ಲಿ ಬೀಡಿ-ಸಿಗರೇಟಿನ ಹೊಗೆ ಇದ್ದರೆ ಅಂಕಿ ತಗ್ಗಿ ಮೋಸ ಮಾಡಬಹುದು. ಪರೀಕ್ಷೆಗೆ ಮುಂಚೆ ಓಡಾಡಿದರೂ, ಸ್ಪೈರೋಮೆಟ್ರಿಗೆ ಊದಿದರೂ ಸ್ವಲ್ಪ ಹೊತ್ತು ಕಡಿಮೆ ತೋರಿಸುತ್ತದೆ. ಒಂದೇ ದಿನ ಎರಡೂ ಇದ್ದರೆ ಫೆನೋ ಮೊದಲು ಆಗಬೇಕು. ನಮಗೆ ಒಂದು ಕಡೆ ಉಲ್ಟಾ ಮಾಡಿಸಿದ್ದರು, ಕೇಳಿದಾಗ ಏನೂ ಆಗುವುದಿಲ್ಲ ಎಂದರು. ಆಗುತ್ತದೆ.

ಕಡಿಮೆ ಅಂಕಿ ಬಂದರೆ ಅಸ್ತಮಾ ಇಲ್ಲ ಎಂದೂ ಅಲ್ಲ. ಅಲರ್ಜಿಯ ಬಗೆಯದಲ್ಲದ ಉಬ್ಬಸದಲ್ಲಿ ಅದು ಸಾಮಾನ್ಯವಾಗಿ ಏರುವುದಿಲ್ಲ. ಈಗಾಗಲೇ ಸ್ಟೀರಾಯ್ಡ್ ಪಂಪು ಸರಿಯಾಗಿ ತೆಗೆದುಕೊಳ್ಳುತ್ತಿರುವ ಮಗುವಿನಲ್ಲಿ ಇಳಿದಿರಬಹುದು.

ಪೀಕ್ ಫ್ಲೋ ಮೀಟರ್: ಕೆಲವು ನೂರು ರೂಪಾಯಿಯ ಕೊಳವೆ

ಇದನ್ನು ಯಾರೂ ಹೊಗಳುವುದಿಲ್ಲ, ಏಕೆಂದರೆ ಇದರಲ್ಲಿ ಪರದೆಯಿಲ್ಲ, ವರದಿಯಿಲ್ಲ, ಮೊಹರಿಲ್ಲ. ಪ್ಲಾಸ್ಟಿಕ್ ಕೊಳವೆ, ಒಂದು ಮುಳ್ಳು, ಪಕ್ಕದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ವೇಗದಲ್ಲಿ ಊದಿದಿರಿ ಎಂಬ ಅಂಕಿಗಳು. ಮುಳ್ಳನ್ನು ಕೆಳಗೆ ಇಳಿಸಿ, ಎದ್ದು ನಿಂತು, ಎದೆ ತುಂಬ ಉಸಿರೆಳೆದು, ತುಟಿ ಬಿಗಿಹಿಡಿದು ಒಂದೇ ಏಟಿಗೆ ಊದಬೇಕು. ಮೂರು ಸಲ ಊದಿ ದೊಡ್ಡದನ್ನು ಬರೆದುಕೊಳ್ಳಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಎರಡು ವಾರ.

ಮಗಳ ನೋಟುಬುಕ್ಕಿನ ಒಂದು ದಿನ ಹೀಗಿತ್ತು: ಬೆಳಿಗ್ಗೆ 160, ಸಂಜೆ 210. ವ್ಯತ್ಯಾಸ 50, ಸರಾಸರಿ 185, ಭಾಗಿಸಿದರೆ ನೂರಕ್ಕೆ 27. ಹೀಗೆ ಪ್ರತಿದಿನದ ಲೆಕ್ಕ ತೆಗೆದು ಎರಡು ವಾರದ ಸರಾಸರಿ ನೋಡುತ್ತಾರೆ. ಜಾಗತಿಕ ಅಸ್ತಮಾ ಮಾರ್ಗಸೂಚಿಯಲ್ಲಿ ಮಕ್ಕಳಿಗೆ ಶೇ 13 ದಾಟಿದರೆ ಏರಿಳಿತ ಹೆಚ್ಚು ಎಂದರ್ಥ, ಬ್ರಿಟನ್ನಿನ 2024ರ ಮಾರ್ಗಸೂಚಿ ಶೇ 20 ಕೇಳುತ್ತದೆ. ಅಸ್ತಮಾದ ಗುಣವೇ ಏರಿಳಿತ. ಆಸ್ಪತ್ರೆಗೆ ಹೋದ ಹತ್ತು ಗಂಟೆಯ ಹೊತ್ತಿಗೆ ಮಗು ಜಿಂಕೆಯಂತೆ ಓಡಾಡಿಕೊಂಡಿರುತ್ತದೆ, ಬೆಳಗಿನ ಜಾವದ ಉಸಿರನ್ನು ಅಲ್ಲಿ ಯಾವ ಯಂತ್ರವೂ ಹಿಡಿಯಲಾರದು. ಮನೆಯ ಕೊಳವೆ ಹಿಡಿಯುತ್ತದೆ.

ಇದರ ದೌರ್ಬಲ್ಯ, ಮಗು ಮನಸ್ಸಿಟ್ಟು ಊದಬೇಕು. ಮುನಿಸಿಕೊಂಡ ದಿನ ಅಂಕಿಯೂ ಮುನಿಸಿಕೊಳ್ಳುತ್ತದೆ. ಉರಿಯೂತ ಯಾವ ಬಗೆಯದು ಎಂದು ಇದು ಹೇಳುವುದೇ ಇಲ್ಲ. ಆದರೂ ಗದಗದಿಂದಲೋ ಶಿಗ್ಗಾಂವಿಯಿಂದಲೋ ಹುಬ್ಬಳ್ಳಿಗೆ ಹೋಗುವ ಮುಂಚೆ ಎರಡು ವಾರದ ಈ ಪಟ್ಟಿ ಕೈಯಲ್ಲಿದ್ದರೆ ವೈದ್ಯರ ಮುಂದಿನ ಮಾತೇ ಬದಲಾಗುತ್ತದೆ. ರಾತ್ರಿ ಕೆಮ್ಮಿದ್ದು, ಕಸ ಹೊಡೆದ ದಿನ, ಹೊಲಕ್ಕೆ ಹೋದ ದಿನ, ಹೋಳಿಯ ಕುಳ್ಳಿನ ಹೊಗೆ, ರಂಗಪಂಚಮಿಯ ಬಣ್ಣದ ಪುಡಿ ಎಲ್ಲವನ್ನೂ ಅದೇ ಸಾಲಿನಲ್ಲಿ ಗುರುತು ಹಾಕಿಡಿ. ನನ್ನನ್ನು ಕೇಳಿದರೆ ಮೊದಲ ಖರ್ಚು ಇದರದ್ದೇ ಆಗಬೇಕು.

ಸ್ಪೈರೋಮೆಟ್ರಿ ಮತ್ತು ಉಳಿದವು

ಸ್ಪೈರೋಮೆಟ್ರಿ ದೊಡ್ಡಣ್ಣ. ಐದಾರು ವರ್ಷದ ಮೇಲಿನ ಮಕ್ಕಳು ಜೋರಾಗಿ, ಎದೆ ಖಾಲಿಯಾಗುವವರೆಗೆ ಊದುತ್ತಾರೆ. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಬಂತು ಎಂಬುದು ಮುಖ್ಯ. ನಂತರ ಸಾಲ್ಬುಟಮಾಲ್ ಪಂಪಿನ ನಾಲ್ಕು ಪಫ್ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಶೇ 12 ಅಥವಾ ಅದಕ್ಕಿಂತ ಹೆಚ್ಚು ಸುಧಾರಿಸಿದರೆ ಅಸ್ತಮಾದ ಕಡೆಗೆ ಗಟ್ಟಿ ಸಾಕ್ಷಿ. ಪಂಪು ಕೊಡದೆ ಒಂದೇ ಸಲ ಊದಿಸಿ ಕಳಿಸಿದರೆ ಅರ್ಧ ಪರೀಕ್ಷೆ ಆದಂತೆ. ಮುಂಚೆ ನಾಲ್ಕು ತಾಸು ಸಾಲ್ಬುಟಮಾಲ್ ಬಿಟ್ಟಿರಬೇಕಾಗುತ್ತದೆ. ಅಪಾಯಿಂಟ್‌ಮೆಂಟ್ ಕೊಡುವಾಗಲೇ ಇದನ್ನು ಕೇಳಿಕೊಳ್ಳಿ, ಆದರೆ ಮಗುವಿಗೆ ತೊಂದರೆಯಾದರೆ ಪರೀಕ್ಷೆ ಹಾಳಾಗಲಿ, ಪಂಪು ಕೊಡಿ. ಮಕ್ಕಳಲ್ಲಿ ದೊಡ್ಡ ತೊಡಕು ಬೇರೆಯದು: ಅಸ್ತಮಾ ಇದ್ದರೂ ಚೆನ್ನಾಗಿರುವ ದಿನ ಸ್ಪೈರೋಮೆಟ್ರಿ ನಾರ್ಮಲ್ ಬರುವುದೇ ಹೆಚ್ಚು. ನಮ್ಮದು ಹಾಗೇ ಬಂತು.

ಮೂರು-ನಾಲ್ಕು ವರ್ಷದ ಕೂಸುಗಳಿಗೆ ಆಸಿಲೋಮೆಟ್ರಿ ಒಗ್ಗುತ್ತದೆ. ಕೆನ್ನೆ ಹಿಡಿದುಕೊಂಡು ಸುಮ್ಮನೆ ಉಸಿರಾಡಿದರೆ ಸಾಕು, ಯಂತ್ರ ಧ್ವನಿಯ ಅಲೆ ಕಳಿಸಿ ದಾರಿಯ ತಡೆಯನ್ನು ಅಳೆಯುತ್ತದೆ. ಯಂತ್ರ ಇರುವ ಜಾಗ ಕಡಿಮೆ.

ರಕ್ತದ ಇಯೋಸಿನೊಫಿಲ್ ಎಣಿಕೆ ಎಲ್ಲಕ್ಕಿಂತ ಸುಲಭ, ತಾಲೂಕಿನ ಲ್ಯಾಬಿನಲ್ಲೂ ಆಗುತ್ತದೆ. ಫೆನೋ ಕೊಡುವ ಸುಳಿವಿಗೆ ಇದು ಬಡವರ ಮನೆಯ ದಾರಿ. ಆದರೆ ನಮ್ಮಲ್ಲಿ ಇದನ್ನು ಓದುವಾಗ ಹೊಟ್ಟೆಹುಳುವನ್ನು ಮರೆಯಬಾರದು, ಜಂತುಹುಳು ಇದ್ದರೂ ಈ ಎಣಿಕೆ ಏರುತ್ತದೆ. ಫೆಬ್ರುವರಿ 10, ಆಗಸ್ಟ್ 10ರ ಆಸುಪಾಸಿನಲ್ಲಿ ಶಾಲೆ-ಅಂಗನವಾಡಿಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಮಗು ನುಂಗಿದೆಯೋ ಬೆಂಚಿನ ಕೆಳಗೆ ಎಸೆದಿದೆಯೋ ವಿಚಾರಿಸಿ. ಎಣಿಕೆ ಮೂರು ಸಾವಿರ ದಾಟಿ, ರಾತ್ರಿ ಕೆಮ್ಮೂ ಇದ್ದರೆ ಫೈಲೇರಿಯಾ ಸಂಬಂಧದ ಉಷ್ಣವಲಯದ ಇಯೋಸಿನೊಫಿಲಿಯಾ ಎಂಬ ಬೇರೆಯೇ ಕಾಯಿಲೆಯನ್ನು ವೈದ್ಯರು ಯೋಚಿಸುತ್ತಾರೆ. ಐಜಿಇ ಎಂಬ ಅಲರ್ಜಿಯ ರಕ್ತಪರೀಕ್ಷೆ, ಚರ್ಮದ ಚುಚ್ಚು ಪರೀಕ್ಷೆ ಇವು ಅಲರ್ಜಿಯ ಒಲವನ್ನು ಹೇಳುತ್ತವೆ, ಶ್ವಾಸನಾಳದ ಇವತ್ತಿನ ಸ್ಥಿತಿಯನ್ನಲ್ಲ.

ಉಸಿರನ್ನು ತಂಪು ಮಾಡಿ ಹನಿಯಾಗಿಸಿ ಪರೀಕ್ಷಿಸುವುದು, ಉಸಿರಿನ ವಾಸನೆ ಗುರುತಿಸುವ ಎಲೆಕ್ಟ್ರಾನಿಕ್ ಮೂಗು ಇವೆಲ್ಲ ಇನ್ನೂ ಸಂಶೋಧನೆಯ ಕೋಣೆಯಲ್ಲಿವೆ. ಯಾರಾದರೂ ಹಣ ಕೇಳಿದರೆ ಎದ್ದು ಬನ್ನಿ.

ಹಾಗಾದರೆ ಫೆನೋಗೆ ಯಾವಾಗ ಹೋಗಬೇಕು?

ಬ್ರಿಟನ್ನಿನ ಅದೇ 2024ರ ಮಾರ್ಗಸೂಚಿ 5ರಿಂದ 16 ವರ್ಷದ ಮಕ್ಕಳಿಗೆ ಫೆನೋವನ್ನೇ ಮೊದಲ ಮೆಟ್ಟಿಲು ಮಾಡಿದೆ. ಲಕ್ಷಣಗಳ ಜೊತೆಗೆ 35 ಅಥವಾ ಹೆಚ್ಚು ಬಂದರೆ ಅಸ್ತಮಾ ಎಂದು ತೀರ್ಮಾನ. ಅದು ಬರದಿದ್ದರೆ ಸ್ಪೈರೋಮೆಟ್ರಿ, ಆಮೇಲೆ ಪೀಕ್ ಫ್ಲೋ, ಕೊನೆಗೆ ಚರ್ಮ-ರಕ್ತದ ಅಲರ್ಜಿ ಪರೀಕ್ಷೆ. ನಮ್ಮ ಜಿಲ್ಲೆಗಳಲ್ಲಿ ಈ ಮೆಟ್ಟಿಲನ್ನು ತಲೆಕೆಳಗು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಕೊಳವೆ ಮನೆಯಲ್ಲೇ ಆಗುತ್ತದೆ, ರಕ್ತ ಊರಲ್ಲೇ ಆಗುತ್ತದೆ, ಸ್ಪೈರೋಮೆಟ್ರಿಗೆ ಜಿಲ್ಲಾ ಕೇಂದ್ರದ ಕಡೆ ನೋಡಬೇಕು, ಫೆನೋಗೆ ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆ ಅಥವಾ ಎದೆರೋಗ ತಜ್ಞರ ಕ್ಲಿನಿಕ್ಕುಗಳನ್ನು ವಿಚಾರಿಸಬೇಕು. ಅದರ ಸೆನ್ಸರ್ ಇಷ್ಟು ಪರೀಕ್ಷೆಗೆ ಇಷ್ಟೇ ಎಂದು ಸವೆಯುವಂಥದ್ದು, ಬಾಯಿಕೊಳವೆ ಪ್ರತಿ ಮಗುವಿಗೂ ಹೊಸದು, ಹಾಗಾಗಿ ದರ ಇಳಿಯುವುದಿಲ್ಲ. ಹೋಗುವ ಮುಂಚೆ ಫೋನ್ ಮಾಡಿ ಕೇಳಿ: ಯಂತ್ರ ಇವತ್ತು ನಡೆಯುತ್ತಿದೆಯೇ, ಸೆನ್ಸರ್ ಇದೆಯೇ, ಈ ವಯಸ್ಸಿನ ಮಗುವಿಗೆ ಮಾಡುತ್ತಾರೆಯೇ, ದರ ಎಷ್ಟು. ಸೆನ್ಸರ್ ಮುಗಿದಿದೆ ಎಂಬ ಮಾತು ಕೇಳಲಿಕ್ಕೆಂದೇ ನಾವು ಒಮ್ಮೆ ಹುಬ್ಬಳ್ಳಿಯವರೆಗೆ ಹೋಗಿದ್ದೆವು.

ಲಕ್ಷಣ ಸ್ಪಷ್ಟವಿದ್ದು, ಪಂಪಿನಿಂದ ಮಗು ಚೆನ್ನಾಗಿದ್ದರೆ ಫೆನೋ ಬೇಕಿಲ್ಲ. ಸ್ಪೈರೋಮೆಟ್ರಿ ನಾರ್ಮಲ್, ಕೆಮ್ಮು ಮಾತ್ರ ಇದೆ, ಸ್ಟೀರಾಯ್ಡ್ ಪಂಪು ಶುರು ಮಾಡಬೇಕೇ ಬೇಡವೇ ಎಂದು ವೈದ್ಯರೇ ಯೋಚಿಸುತ್ತಿದ್ದರೆ ಆಗ ಅದು ಪ್ರಯಾಣದ ಖರ್ಚಿಗೆ ತಕ್ಕ ಉತ್ತರ ಕೊಡುತ್ತದೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ನೇರವಾಗಿ ಕೆಮ್ಮಿನ ನರಗಳನ್ನು ಕೆಣಕುತ್ತದೆ, ಅದಕ್ಕೆ ಅಲರ್ಜಿಯ ಉರಿಯೂತವೇನೂ ಬೇಕಾಗಿಲ್ಲ. ನಮ್ಮಂಥ ಊರಿನವರಿಗೆ ಈ ಎರಡನ್ನು ಬೇರ್ಪಡಿಸುವುದೇ ಅರ್ಧ ಕೆಲಸ.

ಚಿಕಿತ್ಸೆ ನಡೆದಾಗ ಮೂರು ಮೂರು ತಿಂಗಳಿಗೆ ಫೆನೋ ನೋಡುತ್ತಲೇ ಇರಬೇಕೇ? ಇಲ್ಲಿ ಸಾಕ್ಷ್ಯ ಎರಡು ಕಡೆಗೂ ವಾಲುತ್ತದೆ. ಫೆನೋ ನೋಡಿ ಔಷಧ ಹೊಂದಿಸಿದ ಮಕ್ಕಳಲ್ಲಿ ದಮ್ಮು ಕೆರಳಿದವರ ಸಂಖ್ಯೆ ಕಡಿಮೆಯಾಯಿತು, ದಿನನಿತ್ಯದ ಲಕ್ಷಣಗಳಲ್ಲಿ ವ್ಯತ್ಯಾಸವಾಗಲಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2016ರ ಕಾಕ್ರೇನ್ ವಿಮರ್ಶೆ ಹೇಳಿತು. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಸುಮಾರು 500 ಮಕ್ಕಳಿದ್ದರು. ಲಕ್ಷಣ ನೋಡುವುದರ ಜೊತೆಗೆ ಫೆನೋವನ್ನೂ ಸೇರಿಸಿದ್ದರಿಂದ ಲಾಭ ಕಾಣಲಿಲ್ಲ. ಎಲ್ಲರಿಗೂ ಪದೇ ಪದೇ ಬೇಡ, ಪಂಪು ಕೊಟ್ಟರೂ ಸುಧಾರಿಸದ ಮಗುವಿಗೆ ಬೇಕು ಎಂದು ನಾನು ಓದಿಕೊಂಡಿದ್ದೇನೆ.

ನಮ್ಮದು ಅಂಥದೇ. ಪಂಪು ಶುರುವಾಗಿ ಮೂರು ತಿಂಗಳಾದ ಮೇಲೆ 48 ಇದ್ದದ್ದು 46 ಆಗಿತ್ತು. ಐವತ್ತರೊಳಗಿನ ಅಂಕಿ ಹತ್ತಾದರೂ ಇಳಿದರೆ ಮಾತ್ರ ಔಷಧ ಹಿಡಿದಿದೆ ಎಂದರ್ಥ. ವೈದ್ಯರು ಔಷಧ ಹೆಚ್ಚಿಸಲಿಲ್ಲ, ಪಂಪು ಹೇಗೆ ತೆಗೆದುಕೊಳ್ಳುತ್ತೀ ತೋರಿಸವ್ವ ಎಂದರು. ಮಗಳು ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಡಬ್ಬಿ) ಇಲ್ಲದೆ ನಾಲಿಗೆಯ ಮೇಲೆ ಒಂದು ಪಫ್ ಹೊಡೆದುಕೊಂಡು ನುಂಗಿದಳು. ದಿನವೂ ಹೀಗೆಯೇ ಎಂದು ಕೇಳಿದರೆ ದಿನವೂ ಇಲ್ಲ, ಅಜ್ಜಿ ಬಚ್ಚಿಟ್ಟ ದಿನ ಇಲ್ಲ, ಎಂದಳು. ಪಂಪು ಹಚ್ಚಿದರೆ ಚಟವಾಗುತ್ತದೆ ಎಂದು ನಮ್ಮವ್ವ ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತಿದ್ದದ್ದು ನನಗೆ ಗೊತ್ತಾದದ್ದು ಅಂದು, ಆ ಕುರ್ಚಿಯಲ್ಲಿ. ಸ್ಪೇಸರ್ ಬಂತು. ಪಂಪಿನ ಉಸ್ತುವಾರಿಯನ್ನು ಅವ್ವನಿಗೇ ವಹಿಸಿದೆವು, ತಾನೇ ಕೊಡುವ ಔಷಧವನ್ನು ಆಕೆ ಬಚ್ಚಿಡಲಿಲ್ಲ. ಎರಡು ತಿಂಗಳಿಗೆ 24, ಆಮೇಲೆ 18.

ಈ ಸಲದ ಸುಗ್ಗಿಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದಾಗ ಮಗಳು ಮತ್ತೆ ಕೆಮ್ಮಿದಳು. ಕೊಳವೆ ಊದಿಸಿದೆ. ಬೆಳಿಗ್ಗೆ-ಸಂಜೆ ಎರಡೂ 220ರ ಆಸುಪಾಸು. ನಾನು ನೋಟುಬುಕ್ಕು ಮುಚ್ಚುವುದಕ್ಕೂ ಅವ್ವ ಒಲೆಯ ಮುಂದಿನಿಂದಲೇ ಹೇಳುವುದಕ್ಕೂ ಸರಿಹೋಯಿತು: ಘಾಟು, ಮತ್ತೇನಿಲ್ಲ.